ದೂರ ತರಬೇತಿ ಫಲ ಕೊಟ್ಟಿತೇ? 5ಕ್ಕೆ 4.6 ಬಂದ ಮೇಲೂ ಉಳಿದ ಪ್ರಶ್ನೆ

ಕಲಿಕೆಕಟ್ಟೆ

ಕೆಲಸದಲ್ಲಿರುವ 48 ಜನರಿಗೆ ಲೈವ್ ಆನ್‌ಲೈನ್ ತರಬೇತಿ. ಆರು ವಾರ, ವಾರಕ್ಕೆರಡು ತರಗತಿ, ಒಂದೊಂದು 90 ನಿಮಿಷ. ಗ್ರಾಹಕರ ದೂರು ಕೇಳಿಸಿಕೊಂಡು, ವಿಂಗಡಿಸಿ, ಪೂರ್ತಿ ವಿವರದೊಂದಿಗೆ ಸರಿಯಾದ ವಿಭಾಗಕ್ಕೆ ದಾಖಲಿಸುವುದು ವಿಷಯ. ಪೋಲ್, ಚಾಟ್, ಬ್ರೇಕ್‌ಔಟ್ ರೂಮ್ (ವಿಡಿಯೋ ಕರೆಯೊಳಗೇ ಸಣ್ಣ ಗುಂಪುಗಳಿಗೆ ಬೇರೆ ಬೇರೆ ಕೋಣೆ) ಎಲ್ಲವೂ ಇದ್ದವು.

ಫೀಡ್‌ಬ್ಯಾಕ್ ಫಾರಂನ ಸರಾಸರಿ 5ಕ್ಕೆ 4.6. ಮೊದಲ ದಿನದ ಪರೀಕ್ಷೆ ಬರೆದವರು 48, ಸರಾಸರಿ 100ಕ್ಕೆ 45. ಕೊನೆಯ ಪರೀಕ್ಷೆ ಬರೆದವರು 31, ಸರಾಸರಿ 62. ಎರಡಕ್ಕೂ ಅದೇ ಪ್ರಶ್ನೆಪತ್ರಿಕೆ. ಮೇಲಿನವರು ಕೇಳುತ್ತಿರುವುದು ಒಂದೇ ಮಾತು: ಉಪಯೋಗ ಆಯಿತೋ ಇಲ್ಲವೋ? ಈ ಅಂಕಿಗಳನ್ನಿಟ್ಟುಕೊಂಡು ಆಯಿತು ಅನ್ನಬಹುದೇ? ಎರಡನೇ ತಂಡ ಶುರುವಾಗುವ ಮೊದಲು ಏನೇನು ಬದಲಾಯಿಸಬೇಕು?

ಅಳತೆಗೋಲು

45ರಿಂದ 62 ಅಂತ ಸದ್ಯಕ್ಕೆ ಯಾರಿಗೂ ಬರೆದು ಕಳಿಸಬೇಡಿ. 45 ಎಂಬುದು 48 ಜನರ ಸರಾಸರಿ, 62 ಎಂಬುದು 31 ಜನರದ್ದು. ಗುಂಪೇ ಬೇರೆ ಆಯಿತಲ್ಲ.

ಚಿಕ್ಕದೊಂದು ಲೆಕ್ಕ ಹಾಕಿ ನೋಡಿ. ಹತ್ತು ಜನ ಇದ್ದಾರೆ. ಐವರಿಗೆ 30 ಅಂಕ, ಐವರಿಗೆ 60. ಸರಾಸರಿ 45. ಯಾರೂ ಒಂದಕ್ಷರ ಕಲಿಯಲಿಲ್ಲ ಅಂದುಕೊಳ್ಳಿ. ಆದರೆ 30 ತೆಗೆದವರಲ್ಲಿ ನಾಲ್ವರು ನಡುವೆಯೇ ಬಿಟ್ಟುಹೋದರು. ಉಳಿದ ಆರು ಜನ ಕೊನೆಯಲ್ಲಿ ಅದೇ ಹಳೇ ಅಂಕ ತೆಗೆದರೆ ಒಟ್ಟು 330, ಸರಾಸರಿ 55. ಯಾರೂ ಏನೂ ಕಲಿಯದೆ ಹತ್ತು ಅಂಕ ಏರಿಬಿಟ್ಟಿತು! ದೂರ ತರಬೇತಿಯಲ್ಲಿ ಅರ್ಧದಲ್ಲಿ ಬಿಡುವವರು ಜಾಸ್ತಿ. ಹಾಗಾಗಿ ಈ ತಪ್ಪು ಇಲ್ಲಿ ಕಚ್ಚುವಷ್ಟು ತರಗತಿ ಕೋಣೆಯಲ್ಲಿ ಕಚ್ಚುವುದಿಲ್ಲ.

ಎರಡೂ ಪರೀಕ್ಷೆ ಬರೆದ 31 ಜನರ ಮೊದಲ ಅಂಕವನ್ನು ಮಾತ್ರ ಹೆಕ್ಕಿ ತೆಗೆದು, ಅವರದೇ ಕೊನೆಯ ಅಂಕದ ಜೊತೆ ಹೋಲಿಸಿ. ವರದಿಯಲ್ಲಿ ಮೂರು ಸಂಖ್ಯೆ ಪಕ್ಕಪಕ್ಕದಲ್ಲೇ ಇರಲಿ: ಸೇರಿದವರೆಷ್ಟು, ಮುಗಿಸಿದವರೆಷ್ಟು, ಅಳತೆಗೆ ಸಿಕ್ಕವರೆಷ್ಟು.

ಏರಿಕೆಯನ್ನು ಹೇಳುವಾಗ ಬರೀ ವ್ಯತ್ಯಾಸ ಸಾಲದು. 40ರಲ್ಲಿದ್ದ ತಂಡಕ್ಕೆ ಏರಲು 60 ಅಂಕದ ಜಾಗ ಇದೆ, 80ರಲ್ಲಿದ್ದದ್ದಕ್ಕೆ 20 ಮಾತ್ರ. ಅದಕ್ಕೇ ಏರಿದ್ದನ್ನು ಏರಬಹುದಾಗಿದ್ದರಿಂದ ಭಾಗಿಸುವುದು. 40ರಿಂದ 70 ಆದರೆ 30 ಭಾಗಿಸು 60, ಅಂದರೆ 0.5. 80ರಿಂದ 90 ಆದರೂ 0.5. ರಿಚರ್ಡ್ ಹೇಕ್ 1998ರಲ್ಲಿ 6,542 ಭೌತಶಾಸ್ತ್ರ ವಿದ್ಯಾರ್ಥಿಗಳ ಅಂಕಗಳನ್ನು ಹೋಲಿಸಿದ್ದು ಹೀಗೇ. ಅಲ್ಲಿ 0.3ಕ್ಕಿಂತ ಕೆಳಗಿನದು ಕಡಿಮೆ, 0.7 ಮುಟ್ಟಿದರೆ ಹೆಚ್ಚು. ಆ ಗಡಿಗಳು ಭೌತಶಾಸ್ತ್ರದ ತರಗತಿಗಳವು, ನಿಮ್ಮ ದೂರು ದಾಖಲಾತಿಗೆ ಹಾಗೇ ಅಂಟಿಸಬೇಡಿ. ತಂಡದ ಸರಾಸರಿಗೆ ಲೆಕ್ಕ ಹಾಕಿ, ಒಬ್ಬೊಬ್ಬರಿಗೆ ಬೇಡ. ಮೊದಲೇ 100 ತೆಗೆದವರೊಬ್ಬರಿದ್ದರೆ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಶೀಟ್ ಪೂರ್ತಿ ಎರರ್.

ಹಿಂದಿನಬೆಂಚು

ಅದೇ ಪ್ರಶ್ನೆಪತ್ರಿಕೆಯನ್ನು ಎರಡು ಸಲ ಕೊಟ್ಟರೆ ನೆನಪಿನ ಪರೀಕ್ಷೆ ಆಯಿತು. ಪ್ರಶ್ನೆ ನೋಡಿದವರು ಉತ್ತರ ಹುಡುಕಿಕೊಂಡಿರುತ್ತಾರೆ. ಸ್ಕ್ರೀನ್‌ಶಾಟ್ ಗುಂಪಿನಲ್ಲಿ ಹರಿದಾಡಿರುತ್ತದೆ, ಅದು ಬೇರೆ ಮಾತು.

ಅ ಮತ್ತು ಆ ಎಂದು ಎರಡು ಪತ್ರಿಕೆ ಮಾಡಿ. ಒಂದೊಂದರಲ್ಲಿ 18 ಪ್ರಶ್ನೆ, ಕಲಿಯಬೇಕಾದ ಒಂದೊಂದು ಕೌಶಲಕ್ಕೂ ಕನಿಷ್ಠ ಮೂರು. ಅರ್ಧ ಜನರಿಗೆ ಮೊದಲು ಅ, ಕೊನೆಗೆ ಆ. ಇನ್ನರ್ಧಕ್ಕೆ ತಿರುವುಮುರುವು. ಎರಡರಲ್ಲಿ ಒಂದು ಸುಲಭವಾಗಿದ್ದರೂ ಅದರ ಲಾಭ ಎರಡೂ ಕಡೆ ಸಮನಾಗಿ ಹಂಚಿಹೋಗುತ್ತದೆ.

ಮನೆಯಿಂದ ಬರೆಯುವ ಪರೀಕ್ಷೆಗೆ ಕಾವಲು ಹಾಕಲು ಹೋಗಬೇಡಿ. ದೊಡ್ಡವರಿಗೆ ಕ್ಯಾಮೆರಾ ಇಟ್ಟು ಪರೀಕ್ಷೆ ಮಾಡಿದರೆ ಮರ್ಯಾದೆ ಹೋದಂತೆ ಅನ್ನಿಸುತ್ತದೆ, ಮುಂದಿನ ತರಗತಿಗೆ ಬರುವುದೇ ಇಲ್ಲ. ಅದರ ಬದಲು ಪುಸ್ತಕ ನೋಡಿದರೂ ನೇರ ಉತ್ತರ ಸಿಗದಂಥ ಪ್ರಶ್ನೆ ಕೇಳಿ. "ದೂರಿನ ನಾಲ್ಕು ವರ್ಗ ಯಾವುವು?" ಬೇಡ. ಹನ್ನೆರಡು ಸಾಲಿನ ಒಂದು ದೂರು ಕೊಡಿ. ಅದರಲ್ಲಿ ದಿನಾಂಕ ಇಲ್ಲ, ಎರಡು ಸಮಸ್ಯೆ ಕಲಸಿಹೋಗಿವೆ. "ಇದನ್ನು ದಾಖಲಿಸುವ ಮೊದಲು ಗ್ರಾಹಕರಿಗೆ ಏನು ಕೇಳುತ್ತೀರಿ? ಎಷ್ಟು ದೂರಾಗಿ ಒಡೆಯುತ್ತೀರಿ?" ಅಂತ ಕೇಳಿ. ಇಂಥ ಪ್ರಶ್ನೆಗೆ ಗೂಗಲ್ ಏನು ಮಾಡೀತು?

ಅಳತೆಗೋಲು

ಒಪ್ಪಿದೆ. ಪ್ರಶ್ನೆಗಳನ್ನೇ ಒಮ್ಮೆ ಪರೀಕ್ಷೆ ಮಾಡುವುದನ್ನೂ ಸೇರಿಸಿಕೊಳ್ಳಿ. 48 ಜನರನ್ನು ಒಟ್ಟು ಅಂಕದ ಮೇಲೆ ಸಾಲಾಗಿ ಜೋಡಿಸಿ, ಮೇಲಿನ ಶೇ 27 ಮತ್ತು ಕೆಳಗಿನ ಶೇ 27 ತೆಗೆಯಿರಿ, ಅಂದರೆ 13 ಮತ್ತು 13 ಜನ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 11, ಕೆಳಗಿನವರಲ್ಲಿ 5 ಜನ ಸರಿಯುತ್ತರ ಕೊಟ್ಟಿದ್ದರೆ 6 ಭಾಗಿಸು 13, ಸುಮಾರು 0.46. ಒಳ್ಳೆಯ ಪ್ರಶ್ನೆ. ಸೊನ್ನೆಯ ಹತ್ತಿರ ಬಂದರೆ ಆ ಪ್ರಶ್ನೆಯಿಂದ ಏನೂ ತಿಳಿಯುವುದಿಲ್ಲ. ಸೊನ್ನೆಗಿಂತ ಕೆಳಗೆ ಹೋದರೆ, ಗೊತ್ತಿದ್ದವರೇ ತಪ್ಪು ಮಾಡುತ್ತಿದ್ದಾರೆ ಅಂತ. ಸಾಮಾನ್ಯವಾಗಿ ಕೀ ಉತ್ತರ ತಪ್ಪಿರುತ್ತದೆ, ಇಲ್ಲವೇ ಎರಡು ಆಯ್ಕೆಗಳೂ ಸರಿ ಇರುತ್ತವೆ.

ಲಾಗ್‌ಲೆಕ್ಕಿಗ

ಹಾಜರಿಯ ಬಗ್ಗೆ ಯಾರೂ ಮಾತಾಡಿಲ್ಲ, ಹಾಗಾಗಿ ನಾನೇ. ವಿಡಿಯೋ ಕರೆಯ ಹಾಜರಿ ಪಟ್ಟಿಯನ್ನು ಇಳಿಸಿಕೊಂಡು ನಿಮಿಷಗಳನ್ನು ಕೂಡಿಸುವವರು ಬೀಳುವ ಹಳ್ಳ ಇದು:

7:00ರಿಂದ 8:30ರ ತರಗತಿ. ಒಬ್ಬರು ಲ್ಯಾಪ್‌ಟಾಪಿನಲ್ಲಿ 7:02ಕ್ಕೆ ಬಂದರು, 7:31ಕ್ಕೆ ನೆಟ್ ಹೋಯಿತು, 7:33ಕ್ಕೆ ಮತ್ತೆ ಬಂದು 8:30ರವರೆಗೆ ಇದ್ದರು. ಎರಡು ಸಾಲು, 29 ಮತ್ತು 57, ಒಟ್ಟು 86 ನಿಮಿಷ. ಅವರೇ ಫೋನಿನಲ್ಲೂ 7:00ರಿಂದ 8:30ರವರೆಗೆ ಕೂತಿದ್ದರೆ ಇನ್ನೊಂದು 90. ಕೂಡಿಸಿದರೆ 90 ನಿಮಿಷದ ತರಗತಿಯಲ್ಲಿ 176 ನಿಮಿಷ ಪಾಠ ಕೇಳಿದ ಮಹಾನುಭಾವರು! ಫೋನಿನಲ್ಲಿ ಹೆಸರು ಬೇರೆ ಇದ್ದರೆ, ಒಬ್ಬರು ಇಬ್ಬರಾಗುತ್ತಾರೆ. ಲಾಗಿನ್ ಇಮೇಲ್ ಮೇಲೆ ಜೋಡಿಸಿ, ಒಂದರ ಮೇಲೊಂದು ಬಿದ್ದ ಅವಧಿಯನ್ನು ಒಂದೇ ಸಲ ಎಣಿಸಿ.

ಎಲ್‌ಎಂಎಸ್, ಅಂದರೆ ಪಾಠ ಇಟ್ಟು ಕಲಿಕೆಯ ದಾಖಲೆ ಇಡುವ ತಂತ್ರಾಂಶ, ತೋರಿಸುವ "ಕಳೆದ ಸಮಯ"ವನ್ನೂ ನಂಬಬೇಡಿ. ಟ್ಯಾಬ್ ತೆರೆದಿಟ್ಟು ಊಟಕ್ಕೆ ಹೋದರೂ ಎಷ್ಟೋ ಕಡೆ ಗಡಿಯಾರ ಓಡುತ್ತಲೇ ಇರುತ್ತದೆ. ಸ್ಕಾರ್ಮ್ (ಎಲ್‌ಎಂಎಸ್‌ಗೆ ಹಾಕುವ ಪಾಠಗಳ ಹಳೆಯ ಮಾನಕ) ಪ್ಯಾಕೇಜು ಮುಖ್ಯವಾಗಿ ಹೇಳುವುದು ಮುಗಿಯಿತೇ, ಅಂಕ ಎಷ್ಟು, ಎಷ್ಟು ಹೊತ್ತು ಅಂತ. ಯಾವ ಹೆಜ್ಜೆಯಲ್ಲಿ ಎಡವಿದರು ಎಂಬುದು ಬೇಕಿದ್ದರೆ ಎಕ್ಸ್‌ಎಪಿಐ (ಕಲಿಯುವವರು ಮಾಡಿದ್ದನ್ನು ಬಿಡಿಬಿಡಿಯಾಗಿ ದಾಖಲಿಸುವ ಹೊಸ ಮಾನಕ) ಬಳಸಿ, "ಇವರು ಈ ಅಭ್ಯಾಸದ 3ನೇ ಹೆಜ್ಜೆಯಲ್ಲಿ ಎರಡು ಸಲ ತಪ್ಪಿದರು" ಎಂಬ ಮಟ್ಟದ ದಾಖಲೆ ಬರೆಸಬೇಕು. ಅದನ್ನು ಅಭ್ಯಾಸ ತಯಾರಿಸುವಾಗಲೇ ಜೋಡಿಸಬೇಕು. ತರಬೇತಿ ಮುಗಿದ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಪಾಠಪೆಟ್ಟಿಗೆ

ಇಷ್ಟೆಲ್ಲ ಸರಿ. ಆದರೆ ಕಲಿಕೆಕಟ್ಟೆಯವರೇ, "ಇಂಟರಾಕ್ಟಿವ್" ಅಂತ ಕರೆದದ್ದು ನಿಜಕ್ಕೂ ಹಾಗಿತ್ತೇ ಅಂತ ಮೊದಲು ನೋಡಿಕೊಳ್ಳಿ. ಪೋಲ್ ಇತ್ತು, ಚಾಟ್ ಇತ್ತು ಅಂದರೆ ಒಲೆ ಇತ್ತು, ಪಾತ್ರೆ ಇತ್ತು ಅಂದ ಹಾಗೆ. ಅಡುಗೆ ಆಯಿತೇ?

ಮೈಕೆಲ್ ಮೂರ್ 1989ರಲ್ಲಿ ದೂರ ಶಿಕ್ಷಣದ ಒಡನಾಟವನ್ನು ಮೂರಾಗಿ ವಿಂಗಡಿಸಿದರು: ಕಲಿಯುವವರು ಮತ್ತು ಪಾಠ, ಕಲಿಯುವವರು ಮತ್ತು ಕಲಿಸುವವರು, ಕಲಿಯುವವರು ತಮ್ಮ ತಮ್ಮಲ್ಲೇ. ಮೂರನ್ನೂ ಬೇರೆ ಬೇರೆಯಾಗಿ ನೋಡಿ. "ಎಲ್ಲರಿಗೂ ಅರ್ಥವಾಯಿತಲ್ವಾ?" ಎಂಬ ಪೋಲಿಗೆ ಶೇ 95 ಹೌದು ಬರುತ್ತದೆ, ಅದರಿಂದ ತಿಳಿಯುವುದು ಸೊನ್ನೆ. ಸಹವರ್ತಿ ಕಲಿಕೆಯಲ್ಲಿ ಎರಿಕ್ ಮಜೂರ್ ರೂಢಿಗೆ ತಂದ ಕ್ರಮವನ್ನು ಆನ್‌ಲೈನಿಗೆ ಹಾಗೇ ತರಬಹುದು. ಮೇಲುನೋಟಕ್ಕೆ ಸರಿ ಅನ್ನಿಸುವ ತಪ್ಪು ಆಯ್ಕೆಗಳಿರುವ ಒಂದು ಪ್ರಶ್ನೆ ಹಾಕಿ. ಯಾರ ಜೊತೆಗೂ ಮಾತಾಡದೆ ಎರಡು ನಿಮಿಷದಲ್ಲಿ ಮತ ಹಾಕಲಿ, ಫಲಿತಾಂಶವನ್ನು ತೋರಿಸಬೇಡಿ. ಸರಿಯುತ್ತರ ಶೇ 30ರಿಂದ 70ರ ನಡುವೆ ಇದ್ದರೆ ಇಬ್ಬಿಬ್ಬರನ್ನು ನಾಲ್ಕು ನಿಮಿಷ ರೂಮಿಗೆ ಕಳಿಸಿ, ಮತ್ತೆ ಮತ ಹಾಕಿಸಿ. 30ಕ್ಕಿಂತ ಕಡಿಮೆ ಇದ್ದರೆ ಚರ್ಚೆ ದಂಡ, ಪಾಠವನ್ನೇ ಮತ್ತೆ ಹೇಳಿ. 70 ದಾಟಿದ್ದರೆ ಒಂದು ಮಾತಿನಲ್ಲಿ ವಿವರಿಸಿ ಮುಂದೆ ಹೋಗಿ. ಎರಡು ಮತಗಳ ನಡುವಿನ ವ್ಯತ್ಯಾಸ ಇದೆಯಲ್ಲ, ಅದು ನಿಮಗೆ ಪುಕ್ಕಟೆಯಾಗಿ ಸಿಗುವ ಅಳತೆ. ಯಾವ ಫಾರಮ್ಮೂ ಬೇಕಿಲ್ಲ, ಪ್ರತಿ ತರಗತಿಯಲ್ಲೂ ಸಿಗುತ್ತದೆ.

ಬ್ರೇಕ್‌ಔಟ್ ರೂಮಿಗೆ ಆರೇಳು ಜನರನ್ನು ಹಾಕಿ "ಚರ್ಚಿಸಿ" ಅಂದರೆ ಮೊದಲ ಮೂರು ನಿಮಿಷ "ಕೇಳಿಸ್ತಿದೆಯಾ?" ಅನ್ನುವುದರಲ್ಲೇ ಕಳೆಯುತ್ತದೆ, ಆಮೇಲೆ ಒಬ್ಬರೇ ಮಾತಾಡುತ್ತಾರೆ. ಮೂರು ಅಥವಾ ನಾಲ್ಕು ಜನ ಸಾಕು. ಬರೆಯುವವರು ಯಾರು ಅಂತ ರೂಮಿಗೆ ಹೋಗುವ ಮೊದಲೇ ಹೇಳಿಬಿಡಿ. ಎಲ್ಲ ರೂಮಿಗೂ ಒಂದೇ ಹಂಚಿಕೆ ದಾಖಲೆ, ರೂಮಿಗೊಂದು ಸಾಲು. ತರಬೇತುದಾರರು ಹೊರಗೆ ಕೂತೇ ಯಾವ ಸಾಲು ಖಾಲಿ ಇದೆ ಅಂತ ನೋಡಬಹುದು. ನಾಲ್ಕು ನಿಮಿಷ ಆದರೂ ಖಾಲಿ ಇದ್ದ ರೂಮಿಗೆ ಹೋಗಿ.

ಒರೆಗಲ್ಲು

ಪಾಠಪೆಟ್ಟಿಗೆ ಅವರೇ, ಒಡನಾಟ ಹೆಚ್ಚಾದರೆ ಕಲಿಕೆ ಹೆಚ್ಚಾಯಿತು ಎಂಬ ಧ್ವನಿ ಇದರಲ್ಲಿದೆ. ಅಷ್ಟು ನೇರ ಅಲ್ಲ. ಚಾಟಿನಲ್ಲಿ 200 ಸಂದೇಶ ಬಂತು ಅಂದರೆ ಅದರಲ್ಲಿ "ಗುಡ್ ಈವ್ನಿಂಗ್ ಸರ್" ಎಷ್ಟು, ಹೆಬ್ಬೆರಳ ಚಿತ್ರ ಎಷ್ಟು?

ಪಾಠಪೆಟ್ಟಿಗೆ

ಹೆಚ್ಚಾದರೆ ಸಾಕು ಅಂತ ನಾನು ಅಂದಿಲ್ಲ. ಎಣಿಸಬೇಡಿ, ಬಗೆ ನೋಡಿ. ರೆಕಾರ್ಡಿಂಗಿನಿಂದ ಹತ್ತು ಹತ್ತು ನಿಮಿಷದ ಮೂರು ತುಣುಕು ತೆಗೆಯಿರಿ, ಆರಂಭದ್ದೊಂದು, ನಡುವಿನದೊಂದು, ಕೊನೆಯದೊಂದು. ಇಬ್ಬರು ಬೇರೆ ಬೇರೆ ಕೂತು ಪ್ರತಿ ಮಾತಿಗೂ ಗುರುತು ಹಾಕಲಿ: ಇದು ಪಾಠದ ವಿಷಯದ ಮಾತೇ, ಬೇರೆಯೇ? ರೆಕಾರ್ಡ್ ಮಾಡುವುದಕ್ಕೆ ಮೊದಲೇ ಎಲ್ಲರ ಒಪ್ಪಿಗೆ ಪಡೆದಿರಬೇಕು ಅಂತ ಬೇರೆ ಹೇಳಬೇಕಿಲ್ಲ.

ಅಳತೆಗೋಲು

ಇಬ್ಬರ ಗುರುತು ಎಷ್ಟು ಹೊಂದುತ್ತದೆ ಅಂತಲೂ ನೋಡಬೇಕು, ಬರೀ ಶೇಕಡಾ ಅಲ್ಲ. 100 ಮಾತಿನಲ್ಲಿ ಒಬ್ಬರು 60ನ್ನು ವಿಷಯದ್ದು ಅಂದರು, ಇನ್ನೊಬ್ಬರು 65 ಅಂದರು, 85ರಲ್ಲಿ ಇಬ್ಬರೂ ಒಪ್ಪಿದರು. ಕಣ್ಣುಮುಚ್ಚಿ ಗುರುತು ಹಾಕಿದ್ದರೂ ಎಷ್ಟು ಹೊಂದುತ್ತಿತ್ತು? 0.60 ಗುಣಿಸು 0.65, ಅದಕ್ಕೆ 0.40 ಗುಣಿಸು 0.35 ಕೂಡಿಸಿ, 0.53. ಹೀಗೆ ಆಕಸ್ಮಿಕವಾಗಿ ಹೊಂದುವುದನ್ನು ಕಳೆದು ನೋಡುವ ಅಳತೆಯೇ ಕೋಹೆನ್ ಕಪ್ಪಾ: 0.85ರಲ್ಲಿ 0.53 ಕಳೆದು, 1ರಲ್ಲಿ 0.53 ಕಳೆದರೆ ಉಳಿಯುವ 0.47ರಿಂದ ಭಾಗಿಸಿದ್ದು, ಸುಮಾರು 0.68. ಕೆಲಸಕ್ಕೆ ಸಾಕು. 0.4ರ ಆಸುಪಾಸು ಬಂದರೆ ಇಬ್ಬರೂ "ವಿಷಯದ ಮಾತು" ಎಂಬುದನ್ನು ಬೇರೆ ಬೇರೆಯಾಗಿ ಅರ್ಥ ಮಾಡಿಕೊಂಡಿದ್ದಾರೆ ಅಂತ. ಅವರನ್ನು ಒಟ್ಟಿಗೆ ಕೂರಿಸಿ ಹತ್ತು ಉದಾಹರಣೆ ಬಿಡಿಸಿ, ಮತ್ತೆ ಶುರು ಮಾಡಿ.

ಕಲಿಕೆಕಟ್ಟೆ

ಎಲ್ಲರಿಗೂ ಧನ್ಯವಾದ. ಈ 4.6ನ್ನು ಏನು ಮಾಡಲಿ? ಕಸದ ಬುಟ್ಟಿಗೇ?

ಹಿಂದಿನಬೆಂಚು

ಕಸದ ಬುಟ್ಟಿಗೆ ಬೇಡ, ಬಾಗಿಲ ಹೊರಗೆ ಇಡಿ. ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಹಾಕಿಕೊಟ್ಟ ನಾಲ್ಕು ಮಟ್ಟಗಳಲ್ಲಿ ಇದು ಮೊದಲನೆಯದು, ಪ್ರತಿಕ್ರಿಯೆ. ಆಮೇಲಿನವು ಕಲಿಕೆ, ನಡವಳಿಕೆ, ಪರಿಣಾಮ. ಮೊದಲ ಮೆಟ್ಟಿಲು ಚೆನ್ನಾಗಿದ್ದರೆ ಉಳಿದವೂ ತಾನಾಗಿ ಚೆನ್ನಾಗಿರುತ್ತವೆ ಎಂಬುದು ಜನರ ನಂಬಿಕೆ. 1997ರಲ್ಲಿ ಆಲಿಗರ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೆಚ್ಚಿದ್ದಕ್ಕೂ ಕಲಿತದ್ದಕ್ಕೂ ನಂಟು ತೀರಾ ತೆಳು. "ಉಪಯುಕ್ತ" ಅಂದದ್ದಕ್ಕೆ ಒಂಚೂರು ಹೆಚ್ಚು ನಂಟಿತ್ತು, "ಖುಷಿಯಾಯಿತು" ಅಂದದ್ದಕ್ಕಲ್ಲ.

ಹಾಗಾಗಿ ಫಾರಂ ತಿದ್ದಿ. "ತರಬೇತಿ ಹೇಗಿತ್ತು, 1ರಿಂದ 5" ತೆಗೆದುಹಾಕಿ. ಅದರ ಜಾಗದಲ್ಲಿ, ಎರಡು ಸಮಸ್ಯೆ ಕಲಸಿದ ದೂರು ಬಂದರೆ:
— ಎಲ್ಲಿಂದ ಶುರು ಮಾಡಬೇಕು ಅಂತ ಇನ್ನೂ ಗೊತ್ತಿಲ್ಲ
— ಮಾದರಿ ಎದುರಿಗಿದ್ದರೆ ದಾಖಲಿಸಬಲ್ಲೆ
— ಯಾರನ್ನೂ ಕೇಳದೆ ದಾಖಲಿಸಬಲ್ಲೆ
— ಪಕ್ಕದವರಿಗೆ ಹೇಳಿಕೊಡಬಲ್ಲೆ

ಉತ್ತರದಲ್ಲಿ ಅರ್ಥ ಇರುತ್ತದೆ. ಇನ್ನೊಂದು ತೆರೆದ ಪ್ರಶ್ನೆ: "ಮುಂದಿನ ಎರಡು ವಾರದಲ್ಲಿ ಇದನ್ನು ಬಳಸಲು ಅಡ್ಡಿಯಾಗುವುದು ಏನು?" ಫಾರಂ ತುಂಬಿಸುವುದು ಕೊನೆಯ ಐದು ನಿಮಿಷದಲ್ಲಿ ಬೇಡ. ಆಗ ಎಲ್ಲರ ಬೆರಳೂ "ಲೀವ್" ಬಟನ್ ಮೇಲಿರುತ್ತದೆ.

"ನಿಮಗೆ ಎಷ್ಟು ಗೊತ್ತು?" ಅಂತ ಮೊದಲೂ ಕೊನೆಗೂ ಕೇಳಿ ಹೋಲಿಸಿದರೆ ಇನ್ನೊಂದು ತಮಾಷೆ ನಡೆಯುತ್ತದೆ. ಮೊದಲ ದಿನ ಎಲ್ಲ ಗೊತ್ತು ಅಂತ 4 ಹಾಕಿದವರು, ಕಲಿತ ಮೇಲೆ ತಮಗೆ ಗೊತ್ತಿಲ್ಲದ್ದು ಎಷ್ಟು ಅಂತ ಅರಿವಾಗಿ 3 ಹಾಕುತ್ತಾರೆ. ಕಲಿತದ್ದಕ್ಕೇ ಅಂಕ ಇಳಿಯಿತು! ಸ್ವಂತ ಅಂದಾಜು ಬೇಕೇ ಬೇಕೆಂದರೆ ಕೊನೆಯ ದಿನ "ಆಗ ಎಷ್ಟು, ಈಗ ಎಷ್ಟು" ಎರಡನ್ನೂ ಪಕ್ಕಪಕ್ಕದಲ್ಲಿ ಕೇಳಿ. ಕೇಳುವವರ ಮನಸ್ಸು ನೋಯಿಸಬಾರದು ಅಂತ "ಈಗ"ವನ್ನು ಉಬ್ಬಿಸುವವರೂ ಇರುತ್ತಾರೆ, ಆದ್ದರಿಂದ ಇದೊಂದನ್ನೇ ನಂಬಿ ಕೂರಬೇಡಿ.

ಒರೆಗಲ್ಲು

ಪರೀಕ್ಷೆ, ಫಾರಂ, ಲಾಗ್ ಎಲ್ಲ ಮುಗಿಯಿತು. ದೂರುಗಳು ಸರಿಯಾಗಿ ದಾಖಲಾಗುತ್ತಿವೆಯೇ? ಮೇಲಿನವರು ಕೇಳಿದ್ದು ಅದನ್ನಲ್ಲವೇ?

ಈ ತರಬೇತಿಗೆ ಅಳತೆ ಕೆಲಸದ ಜಾಗದಲ್ಲೇ ಬಿದ್ದಿದೆ. ಒಬ್ಬೊಬ್ಬರು ತರಬೇತಿಗೆ ಮುಂಚೆ ದಾಖಲಿಸಿದ ಐದು ದೂರು, ತರಬೇತಿ ಮುಗಿದು 30 ದಿನ ಕಳೆದ ಮೇಲಿನ ಐದು ದೂರು ತೆಗೆಯಿರಿ. ಆರಿಸಿ ತೆಗೆಯಬೇಡಿ, ಚೀಟಿ ಎತ್ತಿದಂತೆ ತೆಗೆಯಿರಿ. ಹೆಸರು, ದಿನಾಂಕ ಮರೆಮಾಡಿ ಎಲ್ಲವನ್ನೂ ಕಲಸಿಬಿಡಿ. ಎಂಟು ಅಂಶದ ತಾಳೆಪಟ್ಟಿ ಇಟ್ಟುಕೊಂಡು ಇಬ್ಬರು ನೋಡಲಿ: ಗ್ರಾಹಕರ ಮಾತು ಅವರದೇ ಪದಗಳಲ್ಲಿದೆಯೇ, ಘಟನೆಯ ದಿನಾಂಕ ಇದೆಯೇ, ವರ್ಗ ಸರಿಯೇ, ಎರಡು ಸಮಸ್ಯೆ ಇದ್ದರೆ ಒಡೆದಿದ್ದಾರೆಯೇ, ಹೀಗೆ. ಪ್ರತಿಯೊಂದಕ್ಕೂ ಇದೆ ಅಥವಾ ಇಲ್ಲ, ಅಷ್ಟೇ. "ಸುಮಾರಾಗಿದೆ" ಎಂಬ ಖಾನೆ ಇಡಬೇಡಿ, ಎಲ್ಲರೂ ಅಲ್ಲೇ ಹೋಗಿ ಕೂರುತ್ತಾರೆ. ಯಾವುದು ಮೊದಲಿನದು, ಯಾವುದು ಆಮೇಲಿನದು ಅಂತ ನೋಡುವವರಿಗೆ ಗೊತ್ತಾಗಬಾರದು. ಗೊತ್ತಾದರೆ ಕೈ ತಾನಾಗಿ ಧಾರಾಳವಾಗುತ್ತದೆ.

30 ದಿನ ಯಾಕೆ ಅಂದರೆ, ಕಲಿತ ಮರುದಿನ ಅಳೆದರೆ ಬಿಸಿ ಆರಿರುವುದಿಲ್ಲ. ಮರೆವು ಮೊದಲ ದಿನಗಳಲ್ಲೇ ಸರ್ರನೆ ಇಳಿದು ಆಮೇಲೆ ನಿಧಾನವಾಗುತ್ತದೆ ಅಂತ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದ. 90 ದಿನಕ್ಕೆ ಇನ್ನೊಮ್ಮೆ ನೋಡಿದರೆ ಇನ್ನೂ ಒಳ್ಳೆಯದು.

ಇನ್ನೊಂದು ಅಂಕಿ: ವಿವರ ಸಾಲದು ಅಂತ ವಿಭಾಗಗಳಿಂದ ವಾಪಸ್ ಬಂದ ದೂರುಗಳು. ಸಂಖ್ಯೆ ಬೇಡ, ಪ್ರಮಾಣ ಬೇಕು. ಒಟ್ಟು ದೂರುಗಳೇ ಕಡಿಮೆ ಬಂದ ತಿಂಗಳಲ್ಲಿ ವಾಪಸಾಗುವುದೂ ಕಡಿಮೆಯೇ. ಹಿಂದಿನ 12 ವಾರ, ಮುಂದಿನ 12 ವಾರ, ವಾರವಾರದ ಗೆರೆ ಎಳೆಯಿರಿ.

ಹಿಂದಿನಬೆಂಚು

ಗೆರೆ ಇಳಿದರೆ ಅದು ತರಬೇತಿಯಿಂದಲೇ ಅಂತ ಹೇಗೆ ಹೇಳುತ್ತೀರಿ? ಅದೇ ಹೊತ್ತಿನಲ್ಲಿ ತಂತ್ರಾಂಶದಲ್ಲಿ ದಿನಾಂಕದ ಖಾನೆ ಕಡ್ಡಾಯ ಮಾಡಿದ್ದರೆ?

ಒರೆಗಲ್ಲು

ಅದಕ್ಕೇ ಎರಡನೇ ತಂಡವನ್ನು ಉಪಯೋಗಿಸಿಕೊಳ್ಳುವುದು. ಇನ್ನೂ ತರಬೇತಿ ಆಗದವರನ್ನು ಚೀಟಿ ಎತ್ತಿ ಎರಡು ತಂಡ ಮಾಡಿ. ಒಂದು ಈಗ, ಇನ್ನೊಂದು ಹತ್ತು ವಾರ ಬಿಟ್ಟು. ಮೊದಲ ತಂಡ ಆರು ವಾರಕ್ಕೆ ಮುಗಿಸುತ್ತದೆ, ಮುಂದಿನ ನಾಲ್ಕು ವಾರದಲ್ಲಿ ಎರಡೂ ತಂಡದ ದೂರುಗಳನ್ನು ಹೋಲಿಸಬಹುದು. ತಂತ್ರಾಂಶ ಬದಲಾದರೆ ಇಬ್ಬರಿಗೂ ಬದಲಾಯಿತು. ಯಾರಿಗೂ ತರಬೇತಿ ತಪ್ಪಿಸಿದಂತೆಯೂ ಆಗಲಿಲ್ಲ. ಮೊದಲ ತಂಡದವರು ಟಿಪ್ಪಣಿಯನ್ನು ಎರಡನೆಯವರಿಗೆ ಕಳಿಸುವುದು ಇದ್ದದ್ದೇ. ಹಾಗಾದರೆ ತಂಡಗಳ ನಡುವಿನ ವ್ಯತ್ಯಾಸ ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣುತ್ತದೆ, ಅಷ್ಟನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

"ತೀರಾ ತಪ್ಪು ಮಾಡುವವರಿಗೆ ಮೊದಲು ಕೊಡೋಣ" ಅಂತ ಯಾರಾದರೂ ಹೇಳಿದರೆ ಅಳತೆ ಕೆಟ್ಟಿತು. ಕೆಟ್ಟ ತಿಂಗಳು ನೋಡಿ ಆರಿಸಿದವರು ಮುಂದಿನ ತಿಂಗಳು ಏನೂ ಮಾಡದಿದ್ದರೂ ಸ್ವಲ್ಪ ಸುಧಾರಿಸುತ್ತಾರೆ.

ಪಾಠಪೆಟ್ಟಿಗೆ

"ಹಾಗಾದರೆ ಕೋಣೆಯಲ್ಲಿ ಕೂರಿಸಿ ಹೇಳಿಕೊಟ್ಟಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತೇ?" ಅಂತ ಮುಂದಿನ ಸಭೆಯಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ರಿಚರ್ಡ್ ಕ್ಲಾರ್ಕ್ 1983ರಲ್ಲೇ ವಾದಿಸಿದ್ದು, ಮಾಧ್ಯಮ ಎಂಬುದು ದಿನಸಿ ತರುವ ಲಾರಿ ಇದ್ದ ಹಾಗೆ, ಪೌಷ್ಟಿಕತೆ ಲಾರಿಯಿಂದ ಬರುವುದಿಲ್ಲ. ಅಮೆರಿಕದ ಶಿಕ್ಷಣ ಇಲಾಖೆಯ 2010ರ ವಿಶ್ಲೇಷಣೆಯಲ್ಲಿ ಆನ್‌ಲೈನ್ ಮತ್ತು ಮುಖಾಮುಖಿ ಬೆರೆಸಿದ ಪಾಠಗಳು ಮುಂದಿದ್ದವು ನಿಜ, ಆದರೆ ಅವುಗಳಲ್ಲಿ ಕಲಿಯುವ ಸಮಯ, ಸಾಮಗ್ರಿ ಕೂಡ ಹೆಚ್ಚಿದ್ದವು ಅಂತ ಅದೇ ವರದಿ ಹೇಳುತ್ತದೆ. ಆ ಪ್ರಶ್ನೆಯಲ್ಲಿ ಸಿಕ್ಕಿಹಾಕಿಕೊಳ್ಳಬೇಡಿ.

ಹಣದ ಲೆಕ್ಕ ಕೇಳಿದರೆ ಕಲಿತವರ ಸಮಯವನ್ನು ಬಿಡದೆ ಸೇರಿಸಿ. 48 ಜನ, 18 ಗಂಟೆ, 864 ಮಾನವಗಂಟೆ. ತರಬೇತುದಾರರ ಸಂಭಾವನೆಗಿಂತ ಇದೇ ದೊಡ್ಡ ಖರ್ಚಾಗಿರುವುದು ಅಪರೂಪವಲ್ಲ.

ಕಲಿಕೆಕಟ್ಟೆ

ಅಳತೆಗೋಲು ಅವರು ಹೇಳಿದ ಹಾಗೆ ಜೋಡಿಸಿ ನೋಡಿದೆ. ಎರಡೂ ಪರೀಕ್ಷೆ ಬರೆದ 31 ಜನರ ಮೊದಲ ಸರಾಸರಿ 53. ಅಂದರೆ ಏರಿದ್ದು 17 ಅಲ್ಲ, 9. ಏರಬಹುದಾಗಿದ್ದ 47ರಲ್ಲಿ 9, ಸುಮಾರು 0.19. ಅದೂ ಅದೇ ಪ್ರಶ್ನೆಪತ್ರಿಕೆಯಲ್ಲಿ. ಬಿಟ್ಟುಹೋದ 17 ಜನರ ಮೊದಲ ಸರಾಸರಿ 30.

ಅಳತೆಗೋಲು

ತರಬೇತಿ ಯಾರಿಗೆ ಹೆಚ್ಚು ಬೇಕಿತ್ತೋ ಅವರೇ ಹೋಗಿದ್ದಾರೆ. 4.6 ಕೊಟ್ಟವರಲ್ಲಿ ಅವರಿಲ್ಲ. ವರದಿಯ ಮೊದಲ ಸಾಲು ಇದೇ ಆಗಬೇಕು.

ಹಿಂದಿನಬೆಂಚು

ಆ 17 ಜನ ಯಾವ ವಾರದಲ್ಲಿ ನಿಂತರು ಅಂತ ಹಾಜರಿಯಲ್ಲಿ ನೋಡಿ. ಮೊದಲ ಎರಡು ವಾರದಲ್ಲೇ ಹೋಗಿದ್ದರೆ ಸಮಯ, ಫೋನು, ನೆಟ್ಟು ಇಂಥ ಕಾರಣ ಇರುವ ಸಂಭವ ಹೆಚ್ಚು. ಲ್ಯಾಪ್‌ಟಾಪ್ ಇಟ್ಟುಕೊಂಡು ತಯಾರಿಸಿದ ಅಭ್ಯಾಸ ಐದಾರು ಅಂಗುಲದ ಪರದೆಯಲ್ಲಿ ಓದಲಾಗದೇ ಇರಬಹುದು, ನೀವೇ ಒಮ್ಮೆ ಫೋನಿನಲ್ಲಿ ತೆರೆದು ನೋಡಿ. ಒಂದೇ ತರಗತಿಯ ನಂತರ ಆರೇಳು ಜನ ಒಟ್ಟಿಗೆ ನಿಂತಿದ್ದರೆ ಆ ತರಗತಿಯ ರೆಕಾರ್ಡಿಂಗ್ ತೆಗೆಯಿರಿ, ತಪ್ಪು ಅಲ್ಲೇ ಇದೆ.

ಒರೆಗಲ್ಲು

ಆಮೇಲೆ ಫೋನ್ ಮಾಡಿ. ಐದು ನಿಮಿಷ, ಮೂರು ಪ್ರಶ್ನೆ: ಕೊನೆಯದಾಗಿ ಬಂದ ತರಗತಿಯಲ್ಲಿ ಏನು ನಡೆಯುತ್ತಿತ್ತು? ಮುಂದಿನದಕ್ಕೆ ಬರದ ದಿನ ಆ ಹೊತ್ತಿಗೆ ಏನು ಮಾಡುತ್ತಿದ್ದಿರಿ? ಏನು ಬದಲಾದರೆ ಮತ್ತೆ ಸೇರುತ್ತೀರಿ? "ಯಾಕೆ ಬಿಟ್ಟಿರಿ?" ಅಂತ ಕೇಳಿದರೆ "ಟೈಮ್ ಸಿಗಲಿಲ್ಲ" ಅಂತ ಒಂದೇ ಉತ್ತರ ಬರುತ್ತದೆ. ಫೋನ್ ಮಾಡುವವರು ಪಾಠ ಮಾಡಿದವರೂ ಆಗಬಾರದು, ಅವರ ಮೇಲಧಿಕಾರಿಯೂ ಆಗಬಾರದು. ಯಾರು ಏನು ಹೇಳಿದರು ಎಂಬುದು ಮೇಲೆ ಹೋಗುವುದಿಲ್ಲ ಅಂತ ಕರೆಯ ಆರಂಭದಲ್ಲೇ ಹೇಳಿ, ಹಾಗೇ ನಡೆದುಕೊಳ್ಳಿ.

ಕಲಿಕೆಕಟ್ಟೆ

ಹಾಜರಿ ನೋಡಿದೆ. 17ರಲ್ಲಿ 9 ಜನ ನಾಲ್ಕನೇ ತರಗತಿಯ ನಂತರ ಬಂದಿಲ್ಲ. ಅವತ್ತಿನ ಬ್ರೇಕ್‌ಔಟ್ ರೂಮಿಗೆ ಎಂಟೆಂಟು ಜನ, 25 ನಿಮಿಷ, ಹಂಚಿಕೆ ದಾಖಲೆ ಇಲ್ಲ. ಸೋಮವಾರದಿಂದ ಫೋನ್ ಶುರು.